ಸೆರ್ರೋ ಎಸ್ತಾರೋ? ಕನ್ನಡವನ್ನೇ ಕೇಳಿ!

‘ಇರು’ ಅನ್ನುವುದಕ್ಕೆ ಎರಡೆರಡು ಕ್ರಿಯಾಪದ, ಮೇಜಿಗೂ ಹೆಣ್ಣು ಲಿಂಗ, ಆಸೆಪಟ್ಟರೆ ಒಂದು ರೂಪ, ಕಣ್ಣಾರೆ ಕಂಡರೆ ಇನ್ನೊಂದು ರೂಪ. ಸ್ಪ್ಯಾನಿಶ್ ಕಲಿಯಲು ಕೂತವರ ಗೋಳು ಒಂದೆರಡಲ್ಲ. ಆದರೆ ಈ ಗೋಳಿನಲ್ಲಿ ಅರ್ಧದಷ್ಟು ನಮ್ಮದಲ್ಲವೇ ಅಲ್ಲ; ಇಂಗ್ಲಿಷಿನಿಂದ ಕಡ ತಂದದ್ದು!

ಮ್ಯಾಡ್ರಿಡ್. 2023ರ ಮಾರ್ಚ್ 9, ಗುರುವಾರ. ಪ್ರಾದೋ ವಸ್ತುಸಂಗ್ರಹಾಲಯದ ಹಿಂಬದಿಯ ಬೀದಿಯಲ್ಲಿ 1894ರಿಂದ ನಿಂತಿರುವ ರಾಯಲ್ ಸ್ಪ್ಯಾನಿಶ್ ಅಕಾಡೆಮಿಯ ಕಟ್ಟಡ. ಬಾಗಿಲು ದಾಟಿದರೆ ಕೋಟು ನೇತುಹಾಕಲು ಸಾಲು ಗೂಟಗಳು, ಒಂದೊಂದಕ್ಕೂ ಒಬ್ಬ ಸದಸ್ಯರ ಹೆಸರು. ಒಳಗೆ ಒಬ್ಬೊಬ್ಬರ ಪೀಠಕ್ಕೂ ಒಂದೊಂದು ಅಕ್ಷರ. ಪ್ರತಿ ಗುರುವಾರ ಇಲ್ಲಿ ಸಭೆ ಸೇರಿ ಪದಗಳ ಹಣೆಬರಹ ಬರೆಯುವುದು ವಾಡಿಕೆ.

ಅಂದಿನ ಸಭೆ ಬಿರುಗಾಳಿಯಂತಿರುತ್ತದೆ ಎಂದು ‘ಟಿ’ ಪೀಠದ ಕಾದಂಬರಿಕಾರ ಆರ್ತುರೊ ಪೆರೆಸ್ ರೆವೆರ್ತೆ ಟ್ವಿಟರ್‌ನಲ್ಲಿ ಮೊದಲೇ ಸಾರಿಬಿಟ್ಟಿದ್ದರು. ಪತ್ರಕರ್ತರು ಹೊರಗೆ ಕಾದಿದ್ದರು. ಜಗಳ ಯಾವುದರ ಮೇಲೆ? ಒಂದು ಗೀಟಿನ ಮೇಲೆ. ‘ಸೋಲೊ’ ಎಂಬ ಪದದ ನೆತ್ತಿಯ ಮೇಲೆ ಎಳೆಯುವ ಪುಟ್ಟ ಓರೆಗೀಟು, ಅವರ ಮಾತಿನಲ್ಲಿ ‘ತಿಲ್ದೆ’.

‘ತ್ರಬಾಹೊ ಸೋಲೊ ಲೋಸ್ ದೊಮಿಂಗೋಸ್’ ಎಂದರೆ ‘ಭಾನುವಾರ ಮಾತ್ರ ಕೆಲಸ ಮಾಡುತ್ತೇನೆ’ ಎಂದೂ ಆಯಿತು, ‘ಭಾನುವಾರಗಳಂದು ಒಬ್ಬನೇ ಕೆಲಸ ಮಾಡುತ್ತೇನೆ’ ಎಂದೂ ಆಯಿತು. ‘ಮಾತ್ರ’ ಎಂಬ ಅರ್ಥ ಬರುವಾಗ ಗೀಟು ಹಾಕುವುದು ಹಳೆಯ ರೂಢಿ. ಗೊಂದಲವಾಗುವಲ್ಲೂ ಅದು ಬೇಕಿಲ್ಲ ಎಂದು ಅಕಾಡೆಮಿಯ 2010ರ ಕಾಗುಣಿತ ಗ್ರಂಥ ಹೇಳಿತು. ಭಾಷಾವಿಜ್ಞಾನಿಗಳು ತಲೆದೂಗಿದರು, ಸಾಹಿತಿಗಳು ಕೆರಳಿ ಗೀಟು ಹಾಕುತ್ತಲೇ ಹೋದರು. ಹದಿಮೂರು ವರ್ಷಗಳ ಹಗ್ಗಜಗ್ಗಾಟದ ನಂತರ ತೀರ್ಪು ಬಂತು: ಗೊಂದಲ ಇಲ್ಲದಿದ್ದರೆ ಗೀಟು ಕೂಡದು, ಗೊಂದಲ ಇದೆ ಎಂದು ಬರೆಯುವವನಿಗೆ ಅನ್ನಿಸಿದರೆ ಹಾಕಿಕೊಳ್ಳಬಹುದು. ನಿಯಮದಲ್ಲಿ ಏನೂ ಬದಲಾಗಿಲ್ಲ ಎಂದು ಒಂದು ಪಕ್ಷ, ಗೆದ್ದದ್ದು ನಾವೇ ಎಂದು ಇನ್ನೊಂದು ಪಕ್ಷ. ಸಾಹಿತ್ಯ ಪರಿಷತ್ತಿನ ರಾಜಕೀಯ ಬಲ್ಲ ನಮಗೆ ಇದೇನೂ ಹೊಸ ದೃಶ್ಯವಲ್ಲ.

ಸುಮಾರು 50 ಕೋಟಿ ಜನರ ತಾಯ್ನುಡಿ, ಇಪ್ಪತ್ತು ದೇಶಗಳ ಆಡಳಿತ ಭಾಷೆ. ಅದರ ಹಿರಿಯರೇ ಒಂದು ಗೀಟಿಗೆ ಹೀಗೆ ತಲೆ ಚಚ್ಚಿಕೊಳ್ಳುವಾಗ, ಮೊಬೈಲ್ ಆ್ಯಪ್ ಹಿಡಿದು ‘ಓಲಾ’ದಿಂದ ಶುರು ಮಾಡಿದ ಬಡಪಾಯಿಯ ಪಾಡೇನು? ಏಪ್ರಿಲ್ 23, ಸೆರ್ವಾಂತೆಸನ ನೆನಪಿನಲ್ಲಿ ವಿಶ್ವಸಂಸ್ಥೆ ಆಚರಿಸುವ ಸ್ಪ್ಯಾನಿಶ್ ಭಾಷಾ ದಿನ. ಆ ದಿನದ ನೆಪದಲ್ಲಿ ಕಲಿಯುವವರ ಮಾಮೂಲಿ ಪ್ರಶ್ನೆಗಳನ್ನು ಕನ್ನಡದ ಕಡೆಯಿಂದ ಒಮ್ಮೆ ನೋಡೋಣ.

ವ್ಯಾಕರಣ ಹುಟ್ಟಿದ್ದೇ ಹೊರಗಿನವರಿಗೂ

1492ರ ಆಗಸ್ಟ್ 3ರಂದು ಕೊಲಂಬಸ್ ಪಾಲೋಸ್ ಬಂದರಿನಿಂದ ಹಡಗು ಬಿಟ್ಟ. ಹದಿನೈದು ದಿನ ಕಳೆದು, ಆಗಸ್ಟ್ 18ರಂದು, ಸಲಮಾಂಕಾದಲ್ಲಿ ಅಂತೋನಿಯೊ ದೆ ನೆಬ್ರಿಹಾನ ‘ಕಾಸ್ತಿಲಿಯನ್ ಭಾಷೆಯ ವ್ಯಾಕರಣ’ ಅಚ್ಚಾಗಿ ಮುಗಿಯಿತು. ಯುರೋಪಿನ ಆಡುನುಡಿಯೊಂದಕ್ಕೆ ಬಂದ ಮೊದಲ ಮುದ್ರಿತ ವ್ಯಾಕರಣ ಅದು. (ನಮ್ಮ ಕೇಶಿರಾಜ ಅದಕ್ಕೂ ಎರಡು ಶತಮಾನ ಹಿಂದಿನವನು ಎಂಬುದನ್ನು ಇಲ್ಲಿ ಹೇಳದಿದ್ದರೆ ಕೈ ಕಡಿಯುತ್ತದೆ.)

ಆ ಪುಸ್ತಕದಲ್ಲಿ ಐದು ಭಾಗಗಳು. ಐದನೆಯದನ್ನು ನೆಬ್ರಿಹಾ ಮೀಸಲಿಟ್ಟಿದ್ದು ಬೇರೆ ಭಾಷೆಯಿಂದ ಬಂದು ಕಾಸ್ತಿಲಿಯನ್ ಕಲಿಯಬಯಸುವವರಿಗೆ. ಅಂದರೆ ಕಲಿಯುವ ಪರದೇಶಿ ಈ ಭಾಷೆಯ ಚರಿತ್ರೆಗೆ ಮೊನ್ನೆ ಬಂದ ಅತಿಥಿಯಲ್ಲ. ಮೊದಲ ಪುಸ್ತಕದಲ್ಲೇ ಅವನಿಗೆ ಜಾಗ ಇತ್ತು.

ಇಂದು ಅವನಿಗೆ ಪಾಠ ಹೇಳುವ ಪುಸ್ತಕಗಳಲ್ಲಿ ನಮ್ಮ ಕೈಗೆ ಸಿಗುವವು ಬಹುಪಾಲು ಇಂಗ್ಲಿಷ್ ಮಾತಾಡುವವನನ್ನು ಮುಂದೆ ಕೂರಿಸಿಕೊಂಡು ಬರೆದವು. ಇಂಗ್ಲಿಷಿನವನಿಗೆ ಎಲ್ಲಿ ಎಡವುತ್ತದೋ ಅಲ್ಲಿ ನಾಲ್ಕು ಪುಟ ವಿವರಣೆ, ಎಲ್ಲಿ ಎಡವುವುದಿಲ್ಲವೋ ಅಲ್ಲಿ ಒಂದು ಸಾಲು. ಮಂಡ್ಯದ ಹುಡುಗಿಯೂ ಮಿಸೌರಿಯ ಹುಡುಗನೂ ಒಂದೇ ಕಡೆ ಮುಗ್ಗರಿಸಬೇಕೆಂಬುದು ಆ ಪುಸ್ತಕಗಳ ನಿರೀಕ್ಷೆ. ನಾವೂ ಆಜ್ಞಾಧಾರಕರಾಗಿ ಮುಗ್ಗರಿಸುತ್ತೇವೆ.

ಸತ್ತವನೂ ‘ಇದ್ದಾನೆ’

ಪ್ರಶ್ನೆಗಳ ಪಟ್ಟಿಯಲ್ಲಿ ಸದಾ ಮೇಲೆ ಇರುವುದು ಸೆರ್ ಮತ್ತು ಎಸ್ತಾರ್. ಇಂಗ್ಲಿಷಿನ ‘ಈಸ್’ ಒಂದೇ, ಸ್ಪ್ಯಾನಿಶ್‌ನಲ್ಲಿ ಎರಡು. ಪಾಠಪುಸ್ತಕ ಕೊಡುವ ಸೂತ್ರ ಸರಳ: ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್.

ಸೂತ್ರ ಮೊದಲ ವಾರವೇ ಕೈಕೊಡುತ್ತದೆ. ಮ್ಯಾಡ್ರಿಡ್ ನಗರ ಸ್ಪೇನಿನಲ್ಲಿರುವುದು ತಾತ್ಕಾಲಿಕವೇ? ಆದರೂ ‘ಎಸ್ತಾ ಎನ್ ಎಸ್ಪಾನ್ಯಾ’. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಆದರೂ ‘ಎಸ್ತಾ ಮುಎರ್ತೊ’. ವಿದ್ಯಾರ್ಥಿನಿ ಎಂಬ ಪಾತ್ರ ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಆದರೂ ‘ಎಸ್ ಎಸ್ತುದಿಯಾಂತೆ’. ಆಮೇಲೆ ಪುಸ್ತಕ ಅಪವಾದಗಳ ಪಟ್ಟಿ ಕೊಡುತ್ತದೆ, ಕಲಿಯುವವ ಉರು ಹೊಡೆಯುತ್ತಾನೆ.

ಈಗ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಲ್ಲಿ ಹೇಳಿ. ‘ಅವಳು ಡಾಕ್ಟರು. ಊರು ಮೈಸೂರು. ಇವತ್ತು ಸೋಮವಾರ.’ ಕ್ರಿಯಾಪದ ಎಲ್ಲಿದೆ? ಇಲ್ಲವೇ ಇಲ್ಲ. ಸ್ಪ್ಯಾನಿಶ್ ಇಲ್ಲೆಲ್ಲ ಸೆರ್ ಬಳಸುತ್ತದೆ. ‘ಅವಳು ಆಸ್ಪತ್ರೆಯಲ್ಲಿದ್ದಾಳೆ. ಬಾಗಿಲು ತೆರೆದಿದೆ. ಕಾಫಿ ತಣ್ಣಗಿದೆ.’ ಇಲ್ಲಿ ‘ಇರು’ ಬಂದೇ ಬಂತು. ಸ್ಪ್ಯಾನಿಶ್ ಇಲ್ಲೆಲ್ಲ ಎಸ್ತಾರ್.

ಮ್ಯಾಡ್ರಿಡ್ ಎಲ್ಲಿದೆ? ಸ್ಪೇನಿನಲ್ಲಿದೆ. ಎಸ್ತಾರ್. ಆ ಮನುಷ್ಯ ಏನಾದ? ಸತ್ತಿದ್ದಾನೆ. ಗಮನಿಸಿ, ಕನ್ನಡದಲ್ಲಿ ಸತ್ತವನೂ ‘ಇದ್ದಾನೆ’! ಇಂಗ್ಲಿಷಿನವನಿಗೆ ತಲೆನೋವು ತಂದ ಅಪವಾದ ನಮಗೆ ಅಪವಾದವೇ ಅಲ್ಲ. ಇನ್ನೂ ಒಂದು ಗಂಟು ಇದೆ. ಸಮಾರಂಭ ನಡೆಯುವ ಜಾಗ ಹೇಳುವಾಗ ಸ್ಪ್ಯಾನಿಶ್ ಎಸ್ತಾರ್ ಬಿಟ್ಟು ಸೆರ್ ಹಿಡಿಯುತ್ತದೆ. ಮದುವೆ ಎಲ್ಲಿ? ಧರ್ಮಸ್ಥಳದಲ್ಲಿ. ಮದುಮಗ ಎಲ್ಲಿದ್ದಾನೆ? ಛತ್ರದಲ್ಲಿದ್ದಾನೆ. ಮೊದಲನೆಯದರಲ್ಲಿ ‘ಇದೆ’ ಇಲ್ಲದೆಯೂ ನಾಲಿಗೆ ಸಲೀಸಾಗಿ ಹೊರಳಿತು, ಎರಡನೆಯದರಲ್ಲಿ ‘ಇದ್ದಾನೆ’ ಬೇಕೇ ಬೇಕಾಯಿತು.

ಪೂರ್ತಿ ತಾಳೆಯಾಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ‘ಅವಳು ಎತ್ತರ’ ಅಂತಲೂ ಹೇಳುತ್ತೇವೆ, ‘ಎತ್ತರ ಇದ್ದಾಳೆ’ ಅಂತಲೂ ಹೇಳುತ್ತೇವೆ. ಸ್ಪ್ಯಾನಿಶ್‌ಗೆ ಸಹಜ ಮಾತು ಸೆರ್. ಹಾಗಿದ್ದರೂ ‘ಶಾಶ್ವತ–ತಾತ್ಕಾಲಿಕ’ ಎಂಬ ಮುರುಕು ಸೂತ್ರಕ್ಕಿಂತ ಕನ್ನಡದ ಕಿವಿ ಮೇಲು ಎಂದು ಧೈರ್ಯವಾಗಿ ಹೇಳಬಹುದು. ‘ಎಸ್ ವೆರ್ದೆ’ ಎಂದರೆ ಹಣ್ಣಿನ ಬಣ್ಣ ಹಸಿರು. ‘ಎಸ್ತಾ ವೆರ್ದೆ’ ಎಂದರೆ ಇನ್ನೂ ಕಾಯಿ ಇದೆ, ಮಾಗಿಲ್ಲ.

ನನಗೆ ಇಷ್ಟ, ನನಗೆ ನೋವು

ಎರಡನೆಯ ದೂರು ‘ಗುಸ್ತಾರ್’ ಬಗ್ಗೆ. ‘ಮೆ ಗುಸ್ತಾ ಎಲ್ ಕಫೆ’. ಕಾಫಿ ಇಷ್ಟಪಡುವವನು ನಾನು, ವಾಕ್ಯದ ಕರ್ತೃ ಮಾತ್ರ ಕಾಫಿ! ಇಂಗ್ಲಿಷ್ ಪುಸ್ತಕಗಳು ಇದಕ್ಕೊಂದು ಅಧ್ಯಾಯವನ್ನೇ ಬರೆದು, ವಾಕ್ಯವನ್ನು ತಿರುಗಾಮುರುಗಾ ಮಾಡಿ ತೋರಿಸುತ್ತವೆ.

ಕನ್ನಡಿಗನಿಗೆ ಈ ಅಧ್ಯಾಯ ಬೇಕಿಲ್ಲ. ನನಗೆ ಕಾಫಿ ಇಷ್ಟ. ಮುಗಿಯಿತು. ‘ಮೆ ದುಎಲೆ ಲಾ ಕಬೇಸಾ’: ನನಗೆ ತಲೆ ನೋಯುತ್ತಿದೆ. ‘ಮೆ ಫಾಲ್ತಾ ಸಾಲ್’: ನನಗೆ ಉಪ್ಪು ಸಾಲದು. ಕ್ರಿಯಾಪದ ಯಾರ ಜೊತೆ ಹೊಂದಿಕೊಳ್ಳಬೇಕು ಎಂಬ ಪ್ರಶ್ನೆಗೂ ಉತ್ತರ ಮನೆಯಲ್ಲೇ ಇದೆ. ‘ಅವನಿಗೆ ಅವಳು ಇಷ್ಟವಾದಳು’ ಎನ್ನುತ್ತೇವೆ, ‘ಇಷ್ಟವಾದನು’ ಎನ್ನುವುದಿಲ್ಲ. ಮೆಚ್ಚಿದವನನ್ನು ಬಿಟ್ಟು ಮೆಚ್ಚುಗೆಗೆ ಪಾತ್ರವಾದವಳ ಹಿಂದೆ ಕ್ರಿಯಾಪದ ಹೋಗುತ್ತದೆ. ಹಾಗೆಯೇ ಮಾವಿನ ಹಣ್ಣು ಹಲವಾದರೆ ‘ಮೆ ಗುಸ್ತಾನ್’.

ಕೈ ಜಾರಿ ಲೋಟ ಬಿದ್ದಾಗ ಸ್ಪ್ಯಾನಿಶ್ ಮಾತಾಡುವವರು ‘ಬೀಳಿಸಿದೆ’ ಎಂದು ತಪ್ಪೊಪ್ಪಿಕೊಳ್ಳುವುದಿಲ್ಲ. ‘ಸೆ ಮೆ ಕಯೊ’ ಎನ್ನುತ್ತಾರೆ: ಕೈತಪ್ಪಿ ಬಿತ್ತು. ಈ ಜಾಣತನ ನಮಗೆ ಹುಟ್ಟಿನಿಂದಲೇ ಬಂದಿದೆ.

ಆದರೆ ಈ ಉತ್ಸಾಹದಲ್ಲಿ ಹಸಿವಿನ ವಿಷಯಕ್ಕೆ ಹೋದರೆ ಎಡವಟ್ಟು. ‘ನನಗೆ ಹಸಿವು’ ಎಂಬ ಧಾಟಿ ಅಲ್ಲಿ ನಡೆಯದು. ಹಸಿವು, ಬಾಯಾರಿಕೆ, ಚಳಿ, ಭಯ, ನಿದ್ದೆ, ಕೊನೆಗೆ ವಯಸ್ಸು ಕೂಡ ಅವರ ಬಳಿ ‘ಇಟ್ಟುಕೊಂಡಿರುವ’ ಆಸ್ತಿ: ‘ತೆಂಗೊ ಆಂಬ್ರೆ’.

ಬಾಕ್ಸ್: ತಲೆಕೆಳಗಾದ ಪ್ರಶ್ನೆ
ವಾಕ್ಯದ ಆರಂಭದಲ್ಲೇ ತಲೆಕೆಳಗು ಪ್ರಶ್ನಾರ್ಥಕ ಚಿಹ್ನೆ ಹಾಕುವ ಪದ್ಧತಿಯನ್ನು ಅಕಾಡೆಮಿ ತಂದದ್ದು 1754ರ ಕಾಗುಣಿತ ಗ್ರಂಥದಲ್ಲಿ. ಸ್ಪ್ಯಾನಿಶ್‌ನಲ್ಲಿ ಹೇಳಿಕೆಗೂ ಪ್ರಶ್ನೆಗೂ ಪದಗಳ ಸಾಲು ಒಂದೇ ಆಗಿರಬಹುದು. ಉದ್ದನೆಯ ವಾಕ್ಯವನ್ನು ಗಟ್ಟಿಯಾಗಿ ಓದುವವನಿಗೆ ದನಿ ಎಲ್ಲಿಂದ ಏರಿಸಬೇಕು ಎಂಬುದು ಮೊದಲೇ ತಿಳಿಯಲಿ ಎಂದು ಈ ಉಪಾಯ.

ಗೊತ್ತಿತ್ತು, ಗೊತ್ತಾಯಿತು

ಭೂತಕಾಲ ಎರಡು ಏಕೆ ಎಂಬ ಪ್ರಶ್ನೆಯೂ ಇಂಗ್ಲಿಷಿನದೇ. ‘ಬಂದ’, ‘ಬರುತ್ತಿದ್ದ’ ಎಂದು ನಾವು ಬೇರೆ ಮಾಡುವಲ್ಲಿ ಅವರೂ ಹೆಚ್ಚುಕಡಿಮೆ ಬೇರೆ ಮಾಡುತ್ತಾರೆ. ಇದರ ಸೊಗಸು ಕಾಣುವುದು ‘ಸಬೇರ್’ ಎಂಬ ಕ್ರಿಯಾಪದದಲ್ಲಿ. ‘ಸಬೀಯಾ’ ಎಂದರೆ ಗೊತ್ತಿತ್ತು. ‘ಸೂಪೆ’ ಎಂದರೆ ಗೊತ್ತಾಯಿತು. ‘ಕೊನೊಸೀಯಾ’ ಎಂದರೆ ಪರಿಚಯವಿತ್ತು, ‘ಕೊನೊಸೀ’ ಎಂದರೆ ಪರಿಚಯವಾಯಿತು. ಅರ್ಥವೇ ಬದಲಾಗುವ ವಿಶೇಷ ಕ್ರಿಯಾಪದಗಳು ಎಂದು ಇಂಗ್ಲಿಷ್ ಪುಸ್ತಕ ಇವಕ್ಕೆ ಚೌಕಟ್ಟು ಕಟ್ಟಿ ಎಚ್ಚರಿಕೆ ಕೊಡುತ್ತದೆ. ಕನ್ನಡದಲ್ಲಿ ನೋಡಿದರೆ ವಿಶೇಷವೇನೂ ಇಲ್ಲ.

ಬರಲಿ ಅಂತ ಹೇಳು

ಇನ್ನು ಎಲ್ಲರೂ ಬೆವರುವ ಘಟ್ಟ: ‘ಸುಬ್ಹುಂತಿವೊ’. ನಡೆದ ಸಂಗತಿಯನ್ನು ಹೇಳಲು ಕ್ರಿಯಾಪದದ ಒಂದು ರೂಪ. ಆಸೆ, ಅನುಮಾನ, ಅಪ್ಪಣೆ, ಹಾರೈಕೆಯ ಹಂಗಿನಲ್ಲಿ ಬರುವ ಮಾತಿಗೆ ಇನ್ನೊಂದು. ಇಂಗ್ಲಿಷಿನಲ್ಲಿ ಇದು ಸವೆದುಹೋಗಿ ಪಳೆಯುಳಿಕೆಯಷ್ಟೇ ಇರುವುದರಿಂದ ಅಲ್ಲಿಂದ ಬಂದವರಿಗೆ ಇದು ನಿಗೂಢ ಲೋಕ.

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿಸಿಕೊಳ್ಳಿ. ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ‘ಮಾಡಲಿ, ಮಾಡನು, ಮಾಡಿಯಾನು’ ಎಂದು ಅಂಕ ಗಿಟ್ಟಿಸಲು ಬಾಯಿಪಾಠ ಮಾಡಿದ ಆ ಪುಟ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ‘ದೀಲೆ ಕೆ ವೆಂಗಾ’ ಎಂದರೆ ‘ಬರಲಿ ಅಂತ ಹೇಳು ಅವನಿಗೆ’. ಪದಕ್ಕೆ ಪದ. ಯಾರಾದರೂ ತೀರಿಕೊಂಡಾಗ ಅವರು ‘ಕೆ ದೆಸ್ಕಾಂಸೆ ಎನ್ ಪಾಸ್’ ಎನ್ನುತ್ತಾರೆ, ನಾವು ‘ಆತ್ಮಕ್ಕೆ ಶಾಂತಿ ಸಿಗಲಿ’ ಎನ್ನುತ್ತೇವೆ. ಪ್ರತಿ ವರ್ಷ ಸೆಪ್ಟೆಂಬರ್ 15ರ ರಾತ್ರಿ ಮೆಕ್ಸಿಕೊದ ರಾಷ್ಟ್ರಾಧ್ಯಕ್ಷರು ಅರಮನೆಯ ಉಪ್ಪರಿಗೆಯಲ್ಲಿ ನಿಂತು ಕೂಗುವ ‘ವೀವಾ ಮೆಹಿಕೊ’ ಕೂಡ ಇದೇ ರೂಪ: ಬಾಳಲಿ ಮೆಕ್ಸಿಕೊ. ‘ಕಿಸಾಸ್ ವೆಂಗಾ’ ಎಂದರೆ ಬಂದಾನು. ಬರುತ್ತಾನೆಂಬ ಭರವಸೆ ಇಲ್ಲ.

ಎಲ್ಲ ಕಡೆ ಈ ಸೇತುವೆ ಸಾಗದು. ‘ನೀನು ಬಂದಾಗ ಹೇಳುತ್ತೇನೆ’ ಎಂಬಲ್ಲಿ ಬರುವುದು ಇನ್ನೂ ನಡೆದಿಲ್ಲವಾದ್ದರಿಂದ ಸ್ಪ್ಯಾನಿಶ್ ಸುಬ್ಹುಂತಿವೊ ಕೇಳುತ್ತದೆ. ನಮ್ಮ ‘ಬಂದಾಗ’ ನಿನ್ನೆಗೂ ನಾಳೆಗೂ ಒಂದೇ. ‘ಕನ್ನಡ ಬಲ್ಲ ಡಾಕ್ಟರನ್ನು ಹುಡುಕುತ್ತಿದ್ದೇನೆ’ ಎಂಬ ಮಾತನ್ನೂ ತೆಗೆದುಕೊಳ್ಳಿ. ಅಂಥ ಡಾಕ್ಟರು ಒಬ್ಬರಿದ್ದು ಅವರನ್ನೇ ಹುಡುಕುತ್ತಿದ್ದರೆ ‘ಆಬ್ಲಾ’. ಯಾರಾದರೂ ಸರಿ, ಸಿಕ್ಕಿದರೆ ಸಾಕು ಎಂದಾದರೆ ‘ಆಬ್ಲೆ’. ಒಂದು ಸ್ವರದಲ್ಲಿ ಇಷ್ಟೆಲ್ಲ ಹೇಳುವ ಸೂಕ್ಷ್ಮ ನಮ್ಮಲ್ಲಿಲ್ಲ, ಅದನ್ನು ಹೊಸದಾಗಿಯೇ ಕಲಿಯಬೇಕು.

ಬಾಕ್ಸ್: ಅಲ್ಲಾಹನ ಹೆಸರು
‘ಓಹಲಾ’ ಎಂದರೆ ‘ಹಾಗಾಗಲಪ್ಪಾ’. ಇದರ ಹಿಂದೆ ಸುಬ್ಹುಂತಿವೊ ಬಂದೇ ಬರುತ್ತದೆ. ಪದದ ಮೂಲ ಅರಬ್ಬಿ. ‘ದೇವರು ಮನಸ್ಸು ಮಾಡಿದರೆ’ ಎಂಬ ಮಾತು ಸವೆದು ಹೀಗಾಗಿದೆ. 711ರಿಂದ 1492ರವರೆಗೆ ಸ್ಪೇನಿನ ನೆಲದಲ್ಲಿದ್ದ ಮುಸ್ಲಿಂ ಆಳ್ವಿಕೆ ಬಿಟ್ಟುಹೋದ ನೂರಾರು ಪದಗಳಲ್ಲಿ ಇದೂ ಒಂದು. ಇಂದು ಚರ್ಚಿಗೆ ಹೋಗುವ ಅಜ್ಜಿಯೂ ಇದನ್ನೇ ಹೇಳುತ್ತಾಳೆ.

ಮೇಜಮ್ಮ, ನೀರಪ್ಪ

ಇಲ್ಲಿಯವರೆಗೆ ಬೀಗಿದ್ದು ಸಾಕು. ಲಿಂಗದ ವಿಷಯ ಬಂದರೆ ಕನ್ನಡಿಗನ ಬಾಯಿ ಕಟ್ಟುತ್ತದೆ. ಮನುಷ್ಯರು ಗಂಡು ಅಥವಾ ಹೆಣ್ಣು, ಉಳಿದದ್ದೆಲ್ಲ ‘ಅದು’ ಎಂಬ ಅಚ್ಚುಕಟ್ಟಾದ ಏರ್ಪಾಟಿನಿಂದ ಬಂದವರು ನಾವು. ಚಾಯ್ ಹೆಣ್ಣು, ಪಾನಿ ಗಂಡು ಎಂಬ ಹಿಂದಿಯ ಲೆಕ್ಕಾಚಾರದಲ್ಲೇ ಎಷ್ಟು ಮಂದಿ ಸೋತು ಕೈಚೆಲ್ಲಿಲ್ಲ? ಸ್ಪ್ಯಾನಿಶ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು.

‘ಆ’ಕಾರಾಂತ ಹೆಣ್ಣು, ‘ಓ’ಕಾರಾಂತ ಗಂಡು ಎಂಬುದು ಒಳ್ಳೆಯ ಸೂತ್ರ, ಬಹಳ ದೂರ ಕರೆದೊಯ್ಯುತ್ತದೆ. ‘ಪ್ರೊಬ್ಲೇಮಾ’ ಅದನ್ನು ಮೀರಿ ಗಂಡಾಗಿರುವುದು ಅದು ಗ್ರೀಕಿನಿಂದ ಬಂದ ‘ಮಾ’ ಕಾರಾಂತ ಪದವಾದ್ದರಿಂದ. ‘ಮಾನೊ’, ಅಂದರೆ ಕೈ, ಲ್ಯಾಟಿನ್‌ನಲ್ಲಿ ಹೆಣ್ಣಾಗಿತ್ತು, ಹಾಗೇ ಉಳಿಯಿತು. ನೀರಿನದು ಇನ್ನೂ ತಮಾಷೆ. ‘ಅಗ್ವಾ’ ಹೆಣ್ಣು, ಆದರೆ ಅದರ ಮುಂದೆ ಬರುವುದು ಗಂಡು ವೇಷದ ‘ಎಲ್’. ಹಳೆಯ ಸ್ಪ್ಯಾನಿಶ್‌ನಲ್ಲಿ ಸ್ತ್ರೀಲಿಂಗದ ‘ಎಲಾ’ ಇತ್ತು. ಮುಂದಿನ ಪದ ಒತ್ತಿ ಹೇಳುವ ‘ಆ’ ಸ್ವರದಿಂದ ಶುರುವಾದರೆ ಎರಡು ‘ಆ’ಗಳು ಸೇರಿ ಒಂದು ಲೋಪವಾಯಿತು, ‘ಎಲ್’ ಉಳಿಯಿತು. ಲೋಪಸಂಧಿ ಓದಿದವರಿಗೆ ಇಷ್ಟು ವಿವರಣೆ ಸಾಕು. ವಿಶೇಷಣ ಮಾತ್ರ ಹೆಣ್ಣಾಗಿಯೇ ಇರಬೇಕು: ‘ಎಲ್ ಅಗ್ವಾ ಫ್ರೀಯಾ’. ಈ ವಿಷಯದಲ್ಲಿ ಸ್ಪೇನಿನವರೇ ದಿನಾ ತಪ್ಪುತ್ತಾರೆ, ಹಾಗಾಗಿ ನಾಚಿಕೆ ಬೇಡ.

ಲಿಂಗ ಅಲ್ಲಿ ಬರೀ ವ್ಯಾಕರಣವಾಗಿ ಉಳಿದಿಲ್ಲ. ಗಂಡುಹೆಣ್ಣು ಬೆರೆತ ಗುಂಪಿಗೆ ಪುಲ್ಲಿಂಗ ಬಹುವಚನ ಬಳಸುವುದು ನಿಯಮ. 2018ರಲ್ಲಿ ಸ್ಪೇನಿನ ಉಪಪ್ರಧಾನಿ ಕಾರ್ಮೆನ್ ಕಾಲ್ವೊ ಸಂವಿಧಾನದ ಭಾಷೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವಂತೆ ಅಕಾಡೆಮಿಯನ್ನು ಕೇಳಿದರು. ಪುಲ್ಲಿಂಗ ಬಹುವಚನದಲ್ಲಿ ಹೆಣ್ಣೂ ಸೇರಿದ್ದಾಳೆ, ಸಂವಿಧಾನದ ವ್ಯಾಕರಣ ಸರಿಯಾಗಿಯೇ ಇದೆ ಎಂದು 2020ರ ಜನವರಿಯಲ್ಲಿ ಉತ್ತರ ಬಂತು. ವಾದ ಇನ್ನೂ ತಣಿದಿಲ್ಲ.

ಆರ್ಟಿಕಲ್ ಕೂಡ ನಮ್ಮ ಕಷ್ಟವೇ, ಕನ್ನಡದಲ್ಲಿ ಅದಿಲ್ಲ. ಪೋರ್ ಮತ್ತು ಪಾರಾ ಗೊಂದಲದಿಂದ ಯಾರಿಗೂ ವಿನಾಯಿತಿ ಇಲ್ಲ. ಲ್ಯಾಟಿನ್ನಿನ ಎರಡು ಬೇರೆ ಪದಗಳು ಒಂದಾಗಿ ‘ಪೋರ್’ ಆಗಿರುವುದರಿಂದ ಅದರ ಹೊಟ್ಟೆಯಲ್ಲಿ ಅರ್ಥಗಳು ಕಿಕ್ಕಿರಿದಿವೆ. ಕಾರಣಕ್ಕೆ ಪೋರ್, ಗುರಿಗೆ ಪಾರಾ ಎಂದುಕೊಂಡು ಮುಂದೆ ಸಾಗುವುದು ಕ್ಷೇಮ. ಮನುಷ್ಯರು ಕರ್ಮಪದವಾದಾಗ ಮುಂದೆ ‘ಆ’ ಸೇರಿಸುವ ನಿಯಮ ಮಾತ್ರ ನಮಗೆ ನೀರು ಕುಡಿದಷ್ಟು ಸುಲಭ. ‘ಪುಸ್ತಕ ನೋಡಿದೆ’ ಸರಿ, ‘ಅಮ್ಮ ನೋಡಿದೆ’ ತಪ್ಪು, ‘ಅಮ್ಮನನ್ನು’ ಎನ್ನಲೇಬೇಕು. ಅದೇ ತರ್ಕ.

‘ನೀನು’ ಮತ್ತು ‘ನೀವು’ ಬಲ್ಲವರಿಗೆ ‘ತೂ’ ಮತ್ತು ‘ಉಸ್ತೆದ್’ ಯಾಕೆಂದು ಹೇಳಬೇಕಿಲ್ಲ. ಯಾರಿಗೆ ಯಾವುದು ಎಂಬುದು ಊರೂರಿಗೆ ಬೇರೆ. ಬೊಗೊಟಾದಲ್ಲಿ ಮನೆಯವರಿಗೂ ಉಸ್ತೆದ್ ಎನ್ನುವವರಿದ್ದಾರೆ. ಅರ್ಜೆಂಟೀನಾದಲ್ಲಿ ‘ತೂ’ ಜಾಗದಲ್ಲಿ ‘ವೋಸ್’. ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆನಿಂತ ಆಂದ್ರೆಸ್ ಬೆಲ್ಯೊ 1847ರಲ್ಲಿ ಅಮೆರಿಕ ಖಂಡದವರಿಗಾಗಿಯೇ ಸ್ಪ್ಯಾನಿಶ್ ವ್ಯಾಕರಣ ಬರೆದ. ಆ ಮಹಾ ಪಂಡಿತನಿಗೂ ‘ವೋಸ್’ ಕಂಡರಾಗುತ್ತಿರಲಿಲ್ಲ. ಮೆಸ್ಸಿಯ ನಾಡು ಅವನ ಮಾತು ಕೇಳಲಿಲ್ಲ.

ಬಾಕ್ಸ್: ಜನ ಗೆದ್ದರು
‘ನೀವೆಲ್ಲ ಹೊರಡಿ’ ಎನ್ನಲು ಸ್ಪೇನಿನಲ್ಲಿ ಸರಿಯಾದ ರೂಪ ‘ಇದೋಸ್’. ಯಾರೂ ಹಾಗೆ ಹೇಳುತ್ತಿರಲಿಲ್ಲ. ‘ಇರೋಸ್’ ಎನ್ನುತ್ತಿದ್ದರು, ಅದು ತಪ್ಪೆನಿಸಿಕೊಂಡಿತ್ತು. 2017ರಲ್ಲಿ ಅಕಾಡೆಮಿ ಸೋತು ‘ಇರೋಸ್’ ಒಪ್ಪಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1997ರಲ್ಲಿ, ಮೆಕ್ಸಿಕೊದ ಸಕಾತೇಕಾಸ್‌ನ ಸ್ಪ್ಯಾನಿಶ್ ಸಮ್ಮೇಳನದಲ್ಲಿ ಗಾರ್ಸಿಯಾ ಮಾರ್ಕೆಸ್ ಕಾಗುಣಿತಕ್ಕೆ ನಿವೃತ್ತಿ ಕೊಡಿ ಎಂದು ಹೇಳಿ ವಿದ್ವಾಂಸರ ನಿದ್ದೆಗೆಡಿಸಿದ್ದರು.

ಯಾರಾದರೂ ಬರೆಯಿರಿ

2009ರಲ್ಲಿ 22 ಅಕಾಡೆಮಿಗಳು ಕೂಡಿ ತಂದ ‘ಹೊಸ ವ್ಯಾಕರಣ’ ಮೂರೂವರೆ ಸಾವಿರ ಪುಟ ಮೀರಿದ್ದು. ಅದೇ ವರ್ಷ ದೆಹಲಿಯಲ್ಲಿ ಸೆರ್ವಾಂತೆಸ್ ಸಂಸ್ಥೆ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ ಕೆಲಸಕ್ಕಾಗಿಯೋ ಫುಟ್‌ಬಾಲ್ ಹುಚ್ಚಿಗಾಗಿಯೋ ಸ್ಪ್ಯಾನಿಶ್ ಕಲಿಯುವ ಕನ್ನಡದ ಮಕ್ಕಳು ಇಂದಿಗೂ ತಮ್ಮದಲ್ಲದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದಾರೆ. ಹಿಂದೆ ವಿಲಿಯಂ ಕೇರಿ 1817ರಲ್ಲಿ, ಕಿಟೆಲ್ 1903ರಲ್ಲಿ ತಮ್ಮವರಿಗಾಗಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದರು. ನಮ್ಮವರಿಗಾಗಿ ಕನ್ನಡದ ಮೂಲಕ ಸ್ಪ್ಯಾನಿಶ್ ಕಲಿಸುವ ಪುಸ್ತಕ ಬೇಕು. ಸಾವಿರಾರು ಪುಟ ಬೇಡ, ನೂರು ಸಾಕು: ಸೆರ್ ಎಸ್ತಾರ್‌ಗೆ ಎರಡು ಪುಟ, ಗುಸ್ತಾರ್‌ಗೆ ಅರ್ಧ, ಲಿಂಗಕ್ಕೂ ಆರ್ಟಿಕಲ್‌ಗೂ ಮೂವತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೋ ಸ್ಪ್ಯಾನಿಶ್ ಬಲ್ಲ ಇಬ್ಬರು ಕನ್ನಡ ಮೇಷ್ಟ್ರುಗಳನ್ನು ಕೂರಿಸಿ ಈ ಕೆಲಸ ಮಾಡಿಸಲಿ. ಅಲ್ಲಿಯವರೆಗೆ, ಕಲಿಯುತ್ತಿರುವವರೇ, ನೋಟ್‌ಬುಕ್‌ನಲ್ಲಿ ಪ್ರತಿ ಸ್ಪ್ಯಾನಿಶ್ ವಾಕ್ಯದ ಎದುರು ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ.